ಅಂಗಳದ ಹೂವಿನ ದಾಸೋಹ



ಇಷ್ಟಲಿಂಗಾರ್ಚನೆಗೆ ಕುಳಿತಾಗ ತಟ್ಟೆಯಲ್ಲಿ ಹೂವಿರುತ್ತದೆ. ಅದು ಎಲ್ಲಿಂದ ಬಂದಿತೆಂದು ನಾವು ಕೇಳಿಕೊಳ್ಳುವುದು ವಿರಳ. ಭಾವವಿಲ್ಲದ ಪುಷ್ಪವನ್ನು ಶರಣರು ಮೆಚ್ಚಲಿಲ್ಲ, ನಿಜ. ಹಾಗೆಂದು ಹೂವಿನ ಕಾಯಕವನ್ನು ಅವರು ಹೀನವೆನ್ನಲಿಲ್ಲ. 12ನೆಯ ಶತಮಾನದ ಶರಣಗಣದಲ್ಲಿ ಹೂಗಾರ ಮಾದಯ್ಯನವರು ಆ ಕಾಯಕದಿಂದಲೇ ಸ್ಮರಣೀಯರಾಗಿದ್ದಾರೆ. ಇಂದಿಗೂ ಮನೆಮನೆಗೆ ಪತ್ರಿ-ಪುಷ್ಪ ತರುವವರಿಂದ ಹೂ ಕೊಳ್ಳುವುದು ತಪ್ಪೆಂದು ನಾವು ಹೇಳುವುದಿಲ್ಲ. ನಾವು ಹೇಳಹೊರಟಿರುವುದು ಹಿರಿಯರು ಅಂಗಳದಲ್ಲಿ ಬೆಳೆಸಿದ್ದ ಹಳೆಯ ಗಿಡಗಳನ್ನು ಕುರಿತು.

ನಂದಿಬಟ್ಟಲು, ದುಂಡುಮಲ್ಲಿಗೆ, ದಾಸವಾಳ, ಪಾರಿಜಾತ, ಕಣಗಿಲೆ ಇವು ವರ್ಷಕ್ಕೊಮ್ಮೆ ಬಿತ್ತಿ ಕಿತ್ತೆಸೆಯುವ ಸಸಿಗಳಲ್ಲ. ಒಮ್ಮೆ ಬೇರೂರಿದರೆ ಅತ್ತೆಯ ಕಾಲದಿಂದ ಸೊಸೆಯ ಕಾಲಕ್ಕೆ ನಡೆದು ಬರುವಂಥವು. (ಕಣಗಿಲೆ ಸರ್ವಾಂಗವಿಷ; ಮಕ್ಕಳೂ ದನಕರುಗಳೂ ಇರುವ ಮನೆಯವರು ಎಚ್ಚರದಿಂದಿರಬೇಕು.) ಇವುಗಳಲ್ಲಿ ಸುತ್ತುದಳದ ನಂದಿಬಟ್ಟಲೂ ದುಂಡುಮಲ್ಲಿಗೆಯೂ ಬೀಜ ಕಟ್ಟುವುದು ತೀರ ಅಪರೂಪ. ಗಾಳಿಯಾಗಲಿ ಹಕ್ಕಿಯಾಗಲಿ ಇವನ್ನು ಹೊತ್ತೊಯ್ದು ಬೆಳೆಸದು. ಒಬ್ಬರು ಟೊಂಗೆ ಮುರಿದು ಇನ್ನೊಬ್ಬರಿಗೆ ಕೊಟ್ಟುದರಿಂದಲೇ ಇವು ನಮ್ಮವರೆಗೆ ಬಂದಿವೆ. ಕಮಲಾಪುರದ ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಹೆಸರಾಂತ ಕೆಂಪು ಬಾಳೆಯೂ ಬೀಜದಿಂದ ಬರುವುದಲ್ಲ. ತಾಯಿಗಿಡ ಒಂದೇ ಗೊನೆ ಕೊಟ್ಟು ತೀರುತ್ತದೆ, ಬುಡದ ಕಂದಿನಿಂದ ಸಂತತಿ ಮುಂದುವರಿಯುತ್ತದೆ.

ಕಲಬುರಗಿ ನಗರದ ಒಂದು ಮನೆಯಲ್ಲಿ ನಡೆದುದನ್ನು ಹೇಳುತ್ತೇವೆ. ಆ ಮನೆಯ ಹಿರಿಯ ತಾಯಿ ಮದುವೆಯಾಗಿ ಬಂದ ವರ್ಷ ತವರೂರಾದ ಕಮಲಾಪುರದಿಂದ ನಂದಿಬಟ್ಟಲಿನ ಟೊಂಗೆಯೊಂದನ್ನು ತಂದು ಹಿತ್ತಲಲ್ಲಿ ನೆಟ್ಟಿದ್ದರು. ಐವತ್ತು ವರ್ಷ ಅದರ ಹೂವಿನಿಂದಲೇ ಅವರ ಪೂಜೆ ನಡೆಯಿತು. ಈಚೆಗೆ ಮಗ ಮನೆ ವಿಸ್ತರಿಸಿ, ಕಾರು ನಿಲ್ಲಿಸಲೆಂದು ಹಿತ್ತಲಿಗೆ ಸಿಮೆಂಟು ಹಾಕಿಸಿದನು. ಗಿಡ ಹೋಯಿತು. ತಾಯಿ ಒಂದು ಮಾತನ್ನೂ ಆಡಲಿಲ್ಲ. ಮಗ ಪೇಟೆಯಿಂದ ತಂದ ಹೂವನ್ನೇ ಏರಿಸಿದರು. ಆದರೆ ಪೂಜೆ ಮುಗಿಸಿ ಹಿತ್ತಲ ಬಾಗಿಲಲ್ಲಿ ನಿಂತು ಬರುವುದನ್ನು ಮಾತ್ರ ಬಿಡಲಿಲ್ಲ. ಅದನ್ನು ಕಂಡು ಮಗನಿಗೆ ತನ್ನ ತಪ್ಪು ತಿಳಿಯಿತು. ಹುಮನಾಬಾದ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದನು. ಸೋದರಮಾವನ ಅಂಗಳದಲ್ಲಿಯೂ ಫರಸಿ ಹಾಸಿತ್ತು. ತಾಯಿಗಿಡ ಅಲ್ಲಿಯೂ ಇರಲಿಲ್ಲ.

ಆಗ ತಾಯಿಗೆ ನೆನಪಾಯಿತು. ಬಹುಕಾಲದ ಹಿಂದೆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಣ್ಣುಮಗಳಿಗೆ ತಾವೇ ಒಂದು ಟೊಂಗೆ ಕೊಟ್ಟಿದ್ದರು. ಆಕೆಯ ಮನೆ ನಗರದಲ್ಲಿಯೇ, ಇಕ್ಕಟ್ಟಾದ ಓಣಿಯಲ್ಲಿ. ಬಾಗಿಲ ಪಕ್ಕದ ಒಂದು ಮೊಳದಗಲ ಮಣ್ಣಿನಲ್ಲಿ ಗಿಡ ಬೆಳ್ಳಗೆ ಅರಳಿ ನಿಂತಿತ್ತು.

“ತಂಗೀ, ಒಂದು ಟೊಂಗಿ ಕೊಡು” ಎಂದರು ತಾಯಿ.

“ಯವ್ವಾ, ಇದು ನಿಮ್ಮದೇ ಗಿಡಾರಿ, ಕೇಳೂದ್ಯಾಕ್ರಿ?”

“ಕೊಟ್ಟ ಮ್ಯಾಲ ನಿಂದು.”

ಈ ಕಲಬುರಗಿ ಶರಣಬಸವೇಶ್ವರರ (1746-1822) ದಾಸೋಹದಿಂದ ಹೆಸರಾದ ನೆಲ. ದಾಸೋಹವೆಂದರೆ ಅನ್ನವನ್ನೇ ನೆನೆಯುತ್ತೇವೆ. ಆ ತಾಯಿ ಕೊಟ್ಟುದು ಕೇವಲ ಗೇಣುದ್ದದ ಕಡ್ಡಿ. ಕೊಟ್ಟೆನೆಂಬ ಭಾವವನ್ನೂ ಅವರು ಮರೆತಿದ್ದರು. ಬೇಡುವ ದಿನ ಬಂದಾಗ, ತನ್ನ ಮನೆಯಲ್ಲಿ ದುಡಿದವಳ ಮುಂದೆ ಕೈಯೊಡ್ಡಲು ನಾಚಲೂ ಇಲ್ಲ. ನಮ್ಮಲ್ಲಿ ಎಷ್ಟು ಜನರಿಂದ ಇದು ಆದೀತು?

ನೆಡುವ ಕ್ರಮವನ್ನು ಆ ತಾಯಿಯೇ ನಮಗೆ ತಿಳಿಸಿದರು. ಆಷಾಢ-ಶ್ರಾವಣದ ಮಳೆಯಲ್ಲಿ, ಪೆನ್ಸಿಲ್ಲಿನ ದಪ್ಪದ ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ, ಹಾಲು ಒಸರುವುದು ನಿಂತ ಮೇಲೆ, ಕೆಳಗಿನ ಎಲೆ ತೆಗೆದು ಅರ್ಧದವರೆಗೆ ಹೂಳಬೇಕು. ನಮ್ಮ ಎರೆಮಣ್ಣು ಮಳೆಯಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ; ಆದುದರಿಂದ ಮರಳನ್ನೂ ಹಳೆಯ ತಿಪ್ಪೆಗೊಬ್ಬರವನ್ನೂ ಬೆರೆಸುವುದು ಲೇಸು. ಮಲ್ಲಿಗೆಯನ್ನು ಮಾರ್ಗಶಿರದಲ್ಲಿ ಸವರಿದರೆ ಬೇಸಿಗೆಗೆ ಮೊಗ್ಗು ತುಂಬುತ್ತದೆ. ಚೈತ್ರ-ವೈಶಾಖದ ಉರಿಯಲ್ಲಿ ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಸಾಕು. ಅಂಗಳವಿಲ್ಲದವರಿಗೆ ಒಡೆದ ಕೊಡವೂ ಆದೀತು.

ಆ ದಿನ ತಾಯಿ ಕೇಳಿದುದು ಒಂದು ಟೊಂಗೆ. ಆಕೆ ಮುರಿದುಕೊಟ್ಟುದು ಎರಡು. ಒಂದು ಮಗ ತಂದ ಕುಂಡದಲ್ಲಿ ಚಿಗುರಿದೆ. ಇನ್ನೊಂದನ್ನು ಒದ್ದೆಬಟ್ಟೆಯಲ್ಲಿ ಸುತ್ತಿಕೊಂಡು, ಮರುದಿನದ ಬಸ್ಸಿಗೆ ತಾಯಿ ತಾವೇ ಕಮಲಾಪುರಕ್ಕೆ ಹೊರಟರು.