ಇಲ್ಲ ಎನ್ನಲಾರದವರು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ಬಂದವರಿಗೆ ‘ಇಲ್ಲ’ ಎನ್ನುವ ರೂಢಿಯಿಲ್ಲ. ಹೊತ್ತು ಮೀರಿ ಬಂದವರಿಗೂ ಯಜಮಾನರು ಕೂತಲ್ಲಿಂದಲೇ ‘ಉಂಡು ಹೋಗ್ರಿ’ ಎಂದುಬಿಡುತ್ತಾರೆ. ಆರಿದ ಒಲೆ ಮತ್ತೆ ಹೊತ್ತಿಸಿ ರೊಟ್ಟಿ ಬಡಿಯುವವಳು ಬೇರೆ. ಉದಾರಿ ಎಂಬ ಹೆಸರು ಮಾತ್ರ ಅವರಿಗೇ. ಧರ್ಮಸಿಂಗ್ ಅವರ ಬಾಳನ್ನು ನೆನೆದಾಗಲೆಲ್ಲ ನನಗೆ ಈ ಒಲೆ ನೆನಪಾಗುತ್ತದೆ.

ಅವರು ಹುಟ್ಟಿದ್ದು 1936ರಲ್ಲಿ, ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ. ರಜಪೂತರು, ಅಲ್ಲಿ ಜಾತಿಯ ಲೆಕ್ಕ ಹಾಕಿ ಗೆಲ್ಲುವಷ್ಟು ಓಟು ಅವರಿಗಿರಲಿಲ್ಲ. ಆದರೂ ಎಪ್ಪತ್ತರ ದಶಕದಿಂದ ಜೇವರ್ಗಿ ಅವರನ್ನು ಮತ್ತೆ ಮತ್ತೆ ಆರಿಸಿ ಕಳಿಸಿತು. ಎಲ್ಲರ ಹೆಗಲ ಮೇಲೆ ಕೈ, ಎಲ್ಲರಿಗೂ ‘ಆಗಲಿ’. ಅಜಾತಶತ್ರು ಎಂದು ಕರೆಸಿಕೊಂಡರು. 1980ರಲ್ಲಿ ಕಲಬುರ್ಗಿಯಿಂದ ಲೋಕಸಭೆಗೆ ಗೆದ್ದರು. ದಿಲ್ಲಿಯಲ್ಲಿ ವಾಜಪೇಯಿಯವರೆದುರು ಸೋತಿದ್ದ ಸಿ.ಎಂ. ಸ್ಟೀಫನ್ ಅವರಿಗಾಗಿ ಆ ಸ್ಥಾನವನ್ನೂ ಬಿಟ್ಟುಕೊಟ್ಟರು. ಎಂಥ ತ್ಯಾಗ ಎಂದರು ಜನ. (ಓಟು ಹಾಕಿದವರನ್ನು ಯಾರು ಕೇಳಿದರೋ!)

2004ರ ಮೇನಲ್ಲಿ, ಯಾರಿಗೂ ಬಹುಮತ ಬಾರದ ವಿಧಾನಸಭೆಯಲ್ಲಿ, ಜನತಾದಳದ ಜೊತೆಗೂಡಿ ಮುಖ್ಯಮಂತ್ರಿಯಾದರು. ಇಪ್ಪತ್ತು ತಿಂಗಳಾಗುವಷ್ಟರಲ್ಲಿ ಕುಮಾರಸ್ವಾಮಿಯವರು ಶಾಸಕರನ್ನು ಕರೆದುಕೊಂಡು ಬಿಜೆಪಿಯತ್ತ ಹೊರಟರು; 2006ರ ಫೆಬ್ರುವರಿಯಲ್ಲಿ ಕುರ್ಚಿ ಹೋಯಿತು. 2008ರಲ್ಲಿ ಜೇವರ್ಗಿಯೇ ಅವರನ್ನು ಕೂದಲೆಳೆಯ ಅಂತರದಲ್ಲಿ ಸೋಲಿಸಿತು.

ಆದರೆ ಕುರ್ಚಿ ಹೋದದ್ದನ್ನು ನಾನು ಪತನವೆನ್ನಲಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಇವರ ಹೆಸರನ್ನೂ ಹೇಳಿತು. ಅಕ್ರಮವಾಗಿ ತೆಗೆದ ಅದಿರಿನ ಸಾಗಣೆಗೆ ಮುಖ್ಯಮಂತ್ರಿಯಾಗಿ ಅನುಮತಿ ಕೊಡಿಸಿದ್ದರಿಂದ ಬೊಕ್ಕಸಕ್ಕೆ ನಷ್ಟವಾಗಿದೆ, ಸುಮಾರು 23 ಕೋಟಿ ರೂಪಾಯಿ ಅವರಿಂದಲೇ ವಸೂಲಾಗಬೇಕು ಎಂಬುದು ಅದರ ಶಿಫಾರಸು.

ಅವರು ತಿಂದರೆಂದು ನಾನು ಹೇಳುತ್ತಿಲ್ಲ. ಕೇಳಿದವರಿಗೆಲ್ಲ ‘ಆಗಲಿ’ ಎನ್ನುವ ಗುಣ ಅಧಿಕಾರದಲ್ಲಿ ಗುಣವಾಗಿ ಉಳಿಯುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ಮನೆಯ ಜೋಳ ಮನೆಯವರದು, ಬೇಕಾದಷ್ಟು ಕೊಡಬಹುದು. ನೆಲದೊಳಗಿನ ಅದಿರು ಯಾರದು? ಮಂತ್ರಿಯ ಬಾಗಿಲಿಗೆ ಬಂದು ನಿಲ್ಲಬಲ್ಲವರು ಕಾರು ಇದ್ದವರು, ಪರಿಚಯ ಇದ್ದವರು. ಹೆರಿಗೆಗೆ ಹತ್ತಾರು ಮೈಲಿ ಹೋಗಬೇಕಾದ ತಾಂಡಾದ ಹೆಂಗಸು ಆ ಬಾಗಿಲು ಕಂಡಿರುವುದಿಲ್ಲ. ಬಂದವನಿಗೆ ಹೂಂ ಎಂದಾಗ, ಬಾರದವಳಿಗೆ ಇಲ್ಲ ಎಂದಂತೆಯೇ ಆಗುತ್ತದೆ. ಅದು ಅವಳ ಕಿವಿಗೆ ಬೀಳುವುದಿಲ್ಲ ಅಷ್ಟೆ.

ಬೀದರ 2009ರಲ್ಲಿ ಅವರನ್ನು ಲೋಕಸಭೆಗೆ ಕಳಿಸಿತು, 2014ರಲ್ಲಿ ಬೇಡವೆಂದಿತು. 2017ರ ಜುಲೈನಲ್ಲಿ ತೀರಿಕೊಂಡರು. ಜೇವರ್ಗಿಯ ಸಿಟ್ಟು ಅದಕ್ಕೂ ಮೊದಲೇ ಇಳಿದಿತ್ತು. 2013ರಲ್ಲಿ ಅವರ ಮಗ ಅಜಯ್ ಸಿಂಗ್ ಅವರನ್ನು ಗೆಲ್ಲಿಸಿತ್ತು. ಅದಿರಿನ ಲಾರಿಗಳ ಕೆಂಪು ಧೂಳು ಕುಡಿದ ಸಂಡೂರಿನ ಹೆಂಗಸರಿಗೆ ಜೇವರ್ಗಿಯಲ್ಲಿ ಓಟಿರಲಿಲ್ಲ.