ಈಚೆಯ ದಡದಲ್ಲಿ ಕಾದವರು



ಶ್ರೀರಾಮನವಮಿಯ ದಿನಗಳಲ್ಲಿ ಸುಂದರಕಾಂಡವನ್ನು ಶ್ರವಣಮಾಡುವಾಗ ನಾವೆಲ್ಲರೂ ಶ್ರೀ ಹನುಮಂತದೇವರೊಡನೆ ಲಂಕೆಗೆ ಹಾರಿಬಿಡುತ್ತೇವೆ. ಈಚೆಯ ದಡದಲ್ಲಿ ಕಾದು ನಿಂತವರ ನೆನಪು ನಮಗಿರುವುದಿಲ್ಲ. ಈ ಸಲ ಅವರ ವಿಚಾರವನ್ನೇ ಹೇಳಬೇಕೆಂದು ತೋರಿತು. ಕ್ಯಾನ್ಸರಿಗೆ ಚಿಕಿತ್ಸೆ ಪಡೆದು, ಕೆಲವು ತಿಂಗಳಿಗೊಮ್ಮೆ ಹುಬ್ಬಳ್ಳಿಯ ನವನಗರದ ಆಸ್ಪತ್ರೆಗೋ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಸ್ಕ್ಯಾನ್ ಮಾಡಿಸಲು ಹೋಗಿಬರುವವರು ಅಂಥದೇ ದಡದಲ್ಲಿ ನಿಂತವರು. ರೋಗದ ನೋವಿಗಿಂತ ವರದಿ ಕೈಸೇರುವವರೆಗಿನ ದಿನಗಳು ಅನೇಕರಿಗೆ ದುಸ್ಸಹವಾಗುತ್ತವೆ. ಸ್ವತಃ ಈ ರೋಗವನ್ನು ಅನುಭವಿಸಿದ ಅಮೆರಿಕದ ಲೇಖಕ ಬ್ರೂಸ್ ಫೈಲರ್ 2011ರಲ್ಲಿ ಟೈಮ್ ಪತ್ರಿಕೆಯಲ್ಲಿ ಬರೆಯುತ್ತ ಈ ಕಳವಳವನ್ನು ‘ಸ್ಕ್ಯಾಂಕ್ಸೈಟಿ’ ಎಂದು ಕರೆದರು. ಕಾಗದವನ್ನೇ ತಯಾರಿಸುವ ಬಂಗೂರನಗರದಲ್ಲಿದ್ದುಕೊಂಡು ನಾವು ಒಂದು ಹಾಳೆ ಕಾಗದಕ್ಕೆ ನಡುಗುವಂತಾಗುತ್ತದೆ!

ವಾನರರ ಸ್ಥಿತಿಯನ್ನು ನೋಡಿರಿ. ಸುಗ್ರೀವನು ಕೊಟ್ಟ ಒಂದು ತಿಂಗಳ ಅವಧಿ ಮೀರಿತ್ತು, ಸೀತಾದೇವಿಯ ಸುಳಿವಿರಲಿಲ್ಲ. ಯುವರಾಜನಾದ ಅಂಗದನು ದರ್ಭೆಯನ್ನು ಹಾಸಿ ಪ್ರಾಯೋಪವೇಶಕ್ಕೆ ಕುಳಿತನು. ಸೋಲು ಇನ್ನೂ ನಿಶ್ಚಯವಾಗಿರಲಿಲ್ಲ. ಏನೂ ತಿಳಿಯದಿರುವುದೇ ಪ್ರಾಣವನ್ನು ಬಿಡುವಷ್ಟು ಭಾರವಾಯಿತು. ವಾಲಿಯ ಮಗನು ಹೇಡಿಯಲ್ಲ, ರಾಮಕಾರ್ಯಕ್ಕಾಗಿಯೇ ಹೊರಟವನು. ಹೀಗಿರಲು, ಸ್ಕ್ಯಾನಿನ ಹಿಂದಿನ ರಾತ್ರಿ ನಿದ್ರೆಬಾರದವರನ್ನು ‘ನಿಮಗೆ ದೇವರಲ್ಲಿ ನಂಬಿಕೆ ಸಾಲದು’ ಎಂದು ಜರೆಯಲು ನಮಗೇನು ಅಧಿಕಾರ?

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜಗತ್ತು ಸತ್ಯ. ಆದಕಾರಣ ರೋಗವೂ ಸತ್ಯ, ಭಯವೂ ಸತ್ಯ. ‘ಎಲ್ಲವೂ ಭ್ರಮೆ’ ಎಂಬ ಸಮಾಧಾನ ನಮ್ಮದಲ್ಲ. ವಸ್ತುವನ್ನು ಇದ್ದಂತೆ ತಿಳಿಸುವುದು ಪ್ರಮಾಣ. ಸ್ಕ್ಯಾನ್ ಇಂಥ ತಿಳಿವಿಗೆ ಒಂದು ಸಾಧನ, ಅದು ಗಂಟನ್ನು ಹುಟ್ಟಿಸುವುದಿಲ್ಲ. ಪಿತೃಪಕ್ಷವೆಂದು, ಅಮಾವಾಸ್ಯೆಯೆಂದು ದಿನವನ್ನು ಮುಂದೂಡುವವರು ಇದನ್ನು ಲಕ್ಷಿಸಬೇಕು. ನೋಡದಿದ್ದಮಾತ್ರಕ್ಕೆ ಇದ್ದದ್ದು ಇಲ್ಲವಾದೀತೆ? ಸಾಧನದಲ್ಲಿ ಸಂಶಯಕ್ಕೂ ಎಡೆಯುಂಟು. ಪೆಟ್ ಸ್ಕ್ಯಾನಿನಲ್ಲಿ ಅಲ್ಪ ವಿಕಿರಣವುಳ್ಳ ಸಕ್ಕರೆಯಂಥ ದ್ರವ್ಯವನ್ನು ರಕ್ತಕ್ಕೆ ಸೇರಿಸುತ್ತಾರೆ. ಅದನ್ನು ಹೆಚ್ಚಾಗಿ ಸೆಳೆದುಕೊಂಡ ಜೀವಕೋಶಗಳು ಚಿತ್ರದಲ್ಲಿ ಬೆಳಗುತ್ತವೆ. ಸೋಂಕು, ಬಾವು ಇದ್ದ ಸ್ಥಳವೂ ಬೆಳಗಬಹುದು. ವರದಿಯ ಒಂದು ಶಬ್ದವನ್ನು ಹಿಡಿದು ಮನೆಯಲ್ಲಿಯೇ ತೀರ್ಪು ಮಾಡದೆ ವೈದ್ಯರಿಂದಲೇ ಅದರ ಅರ್ಥವನ್ನು ಕೇಳತಕ್ಕದ್ದು. ಈ ಪರೀಕ್ಷೆಗೆ ಮುಂಚೆ ಕೆಲವು ಗಂಟೆಗಳ ಕಾಲ ಆಹಾರವಿಲ್ಲ, ಸಿಹಿಯಂತೂ ಕೂಡದು. ಅಂದಿನ ಪಂಚಾಮೃತವನ್ನು ತೆಗೆದಿರಿಸಿ, ಪರೀಕ್ಷೆ ಮುಗಿದಮೇಲೆ ಸ್ವೀಕರಿಸಿದರೆ ದೋಷವಿಲ್ಲ.

ಕಾಯುವವರ ಜೊತೆಗೆ ಇರುವವರ ಕರ್ತವ್ಯವೇನು? ಹನುಮಂತದೇವರನ್ನು ಬೀಳ್ಕೊಡುವಾಗ ವೃದ್ಧನಾದ ಜಾಂಬವಂತನು, ‘ನೀನು ಮರಳುವವರೆಗೆ ನಾವು ಒಂಟಿಕಾಲಿನಲ್ಲಿ ನಿಂತಿರುತ್ತೇವೆ’ ಎಂಬರ್ಥದ ಮಾತನ್ನಾಡಿದನು. ‘ನಾನು’ ಎನ್ನಲಿಲ್ಲ, ‘ನಾವು’ ಎಂದನು. ಸ್ಕ್ಯಾನಿನ ಕೋಣೆಯೊಳಗೆ ರೋಗಿಯು ಒಬ್ಬನೇ ಹೋಗಬೇಕು. ಹೊರಗಿನ ಬೆಂಚಿನ ಮೇಲೆ ಯಾರಾದರೂ ಕುಳಿತಿರಬಹುದಲ್ಲವೆ?

ಇನ್ನು ಸುದ್ದಿಯನ್ನು ತಿಳಿಸುವ ಬಗೆ. ಮರಳಿ ಬಂದ ಹನುಮಂತದೇವರು ಹಿರಿಯರಿಗೆ ವಂದಿಸಿ, ‘ದೇವಿಯನ್ನು ಕಂಡೆನು’ ಎಂಬುದನ್ನೇ ಮೊದಲು, ಸಂಕ್ಷೇಪವಾಗಿ ಹೇಳಿದರು. ಸಾಗರವನ್ನು ದಾಟಿದ್ದು, ಲಂಕೆಯನ್ನು ಸುಟ್ಟದ್ದು ಎಲ್ಲವೂ ಆಮೇಲೆ. ಕಾಯುವವರ ಎದೆಯನ್ನು ಅವರು ಬಲ್ಲರು. ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಫೋನಿನಲ್ಲಿ ‘ಊಟವಾಯಿತೆ, ಬಸ್ಸು ಸಿಕ್ಕಿತೆ’ ಎಂದು ಮಾತು ಬೆಳೆಸುವವರು ಇದನ್ನು ಅರಿಯಬೇಕು.

ಸುದ್ದಿ ಒಳ್ಳೆಯದಲ್ಲದಿದ್ದರೆ? ಅದಕ್ಕೂ ಅಲ್ಲಿ ದಾರಿಯುಂಟು. ಶ್ರೀರಾಮಚಂದ್ರನ ಸನ್ನಿಧಿಯಲ್ಲಿಯೂ ದೇವಿಯನ್ನು ಕಂಡದ್ದನ್ನು ಮೊದಲು ಅರಿಕೆಮಾಡಿ, ಅನಂತರ ಆಕೆಯ ದುಃಖವನ್ನೂ, ಇನ್ನೊಂದೇ ತಿಂಗಳು ಜೀವವನ್ನು ಹಿಡಿದಿರುವೆನೆಂದು ಆಕೆ ಹೇಳಿಕಳುಹಿದ ಮಾತನ್ನೂ ಮರೆಮಾಚದೆ ನಿವೇದಿಸಿದರು. ಪ್ರಭುವಿನ ಕಣ್ಣಿನಲ್ಲಿ ನೀರು ತುಂಬಿತು. ಸುಗ್ರೀವನು ಆತನನ್ನು ಸಂತೈಸಿ, ಸೇತುವೆಯ ಮಾತೆತ್ತಿದನು.