ಕರೆಯನ್ನು ಗುರುತಿಸುವದು ಹೇಗೆ?



ಮೂಡಿಗೆರೆ, ಗೋಣಿಬೀಡು ಸೀಮೆಯ ಮಲೆಗಳಲ್ಲಿ ಊರಿಗೂ ಊರಿಗೂ ನಡುವೆ ಕಾಫಿತೋಟಗಳು ಹಬ್ಬಿಕೊಂಡಿವೆ. ಅಲ್ಲಲ್ಲಿ ಚದರಿರುವ ಕುಟುಂಬಗಳ ಬಳಿಗೆ ಪ್ರತಿ ಆದಿತ್ಯವಾರವೂ ಗುರುಗಳು ಬರುವದು ಕಷ್ಟ. ಆಷಾಢದ ಮಳೆಯಲ್ಲಿ ಹಳ್ಳಗಳು ತುಂಬಿ ಹರಿಯುವವು. ಹಣ್ಣು ಕುಯ್ಯುವ ಕಾಲದಲ್ಲಿ ಕೂಲಿಯವರಿಗೆ ಬಿಡುವಿರದು. ಆಗ ಸಭಿಕರಲ್ಲೇ ಒಬ್ಬನು ಪ್ರಾರ್ಥನೆ ನಡಿಸಿ ವಾಕ್ಯವನ್ನು ಓದಬೇಕಾಗುವದು. ಅಂಥವನ ಮನಸ್ಸಿನಲ್ಲಿ ಈ ಪ್ರಶ್ನೆ ಏಳುವದು: ನನ್ನ ಆಶೆಯು ದೇವರ ಕರೆಯೋ, ಹತ್ತು ಜನರ ಮುಂದೆ ನಿಲ್ಲಬೇಕೆಂಬ ಹಂಬಲವೋ?

ಮೊದಲನೆಯದಾಗಿ, ಗುರುದೀಕ್ಷೆ ಹೊಂದದವನ ಸೇವೆಯನ್ನು ಅರೆಸೇವೆಯೆಂದು ಎಣಿಸಬಾರದು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಬಿಷಪರು 1866ರಲ್ಲಿ ರೀಡರ್ ಎಂಬ ಉದ್ಯೋಗವನ್ನು ಪುನಃ ಏರ್ಪಡಿಸಿದರು. ಈಗ ಅಲ್ಲಿನ ರೀಡರನು ತನ್ನ ಕಸುಬನ್ನು ಬಿಡದೆ, ಬಿಷಪರ ಅಪ್ಪಣೆ ಹೊಂದಿ, ಬೆಳಗಿನ ಮತ್ತು ಸಂಜೆಯ ಆರಾಧನೆಗಳನ್ನು ನಡಿಸಿ ಪ್ರಸಂಗ ಮಾಡುವನು. ಕರ್ತನ ಭೋಜನವನ್ನು ಪ್ರತಿಷ್ಠಿಸುವದು ಗುರುವಿಗೇ ಸೇರಿದ್ದು. ನಮ್ಮ ದೇಶದವರೇ ಆದ ವೇದನಾಯಗಂ ಸಾಮುವೇಲ ಅಜರಾಯರನ್ನು ನೋಡಿರಿ. ಅವರು 1912ರಲ್ಲಿ ದೋರ್ನಕಲ್ಲಿನ ಬಿಷಪರಾದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೆ ಬಂದ ಮೊದಲನೆಯ ಭಾರತೀಯರು ಅವರೇ. ಆದರೆ 1903ರಲ್ಲಿ ತಿರುನೆಲ್ವೇಲಿಯ ಮಿಶನ್ ಸಂಘವನ್ನೂ 1905ರಲ್ಲಿ ರಾಷ್ಟ್ರೀಯ ಮಿಶನ್ ಸಂಘವನ್ನೂ ಕಟ್ಟುವದಕ್ಕೆ ಕೈಹಾಕಿದಾಗ ಅವರು ದೀಕ್ಷೆಯಿಲ್ಲದ ಸಭಿಕರಾಗಿದ್ದರು. ದೀಕ್ಷೆಯಾದದ್ದು 1909ರಲ್ಲಿ. ಆ ಮೊದಲಿನ ಕೆಲಸವು ಮೆಟ್ಟಲಲ್ಲ, ತಾನೇ ಪೂರ್ಣವಾದ ಸೇವೆ.

ಎರಡನೆಯದಾಗಿ, ಕರೆಗೆ ಇನ್ನೊಬ್ಬರ ಸಾಕ್ಷಿ ಬೇಕು. ಬಾಲಕನಾದ ಸಮುವೇಲನು ರಾತ್ರಿಯಲ್ಲಿ ಸ್ವರವನ್ನು ಕೇಳಿದರೂ ಅದು ಯಾರದೆಂದು ತಿಳಿಯಲಿಲ್ಲ, ಏಲಿಯು ತಿಳಿಸಬೇಕಾಯಿತು. ಹಾಗೆಯೇ ನಮ್ಮ ನೆರೆಯವರು ನಮ್ಮ ನಡತೆಯನ್ನು ಬಲ್ಲರು. ಅಂಗಡಿಯ ಸಾಲವನ್ನು ತೀರಿಸದೆ, ಹೆಂಡತಿಯ ಮೇಲೆ ಕೈಮಾಡಿ, ಆದಿತ್ಯವಾರ ಬೋಧಿಸುವವನ ಮಾತು ಯಾರ ಹೃದಯಕ್ಕೆ ಮುಟ್ಟೀತು?

ಆದರೆ ನೆರೆಯವರೇ ತಪ್ಪಿದರೆ? “ಇವನ ಬಾಯಿಂದ ನಾವು ವಾಕ್ಯ ಕೇಳಬೇಕೇ?” ಎಂದು ಹುಟ್ಟನ್ನು ನೋಡಿ ತಿರಸ್ಕರಿಸುವದುಂಟು. ಆಗ ಕಾರಣವನ್ನು ವಿಚಾರಿಸಬೇಕು. ನಡತೆಯ ದೋಷವನ್ನು ತೋರಿಸಿದರೆ ಅವನು ತಿದ್ದಿಕೊಳ್ಳಲಿ. ಜಾತಿಯನ್ನು ತೋರಿಸಿದರೆ ಸಭೆಯೇ ತಿದ್ದಿಕೊಳ್ಳಲಿ. ಒಂದೇ ಪಾತ್ರೆಯಲ್ಲಿ ಕುಡಿದವರು ಒಬ್ಬನ ಓದನ್ನು ಮೈಲಿಗೆಯೆನ್ನುವದು ಹೇಗೆ? ಊರಿನ ಸಾಕ್ಷಿಯ ಸಂಗಡ ಬಿಷಪರ ಅಪ್ಪಣೆಯೂ ಬೇಕೆಂಬುದಕ್ಕೆ ಇದೂ ಒಂದು ಕಾರಣ. ಊರಿನವರು ಮನುಷ್ಯನನ್ನು ಹತ್ತಿರದಿಂದ ಬಲ್ಲರು. ಬಿಷಪರು ಊರಿನ ಜಗಳಗಳಿಗೆ ಹೊರಗಿನವರು.

ಮೂರನೆಯದಾಗಿ, ಕರೆಯು ಮನೆಯ ಭಾರವನ್ನು ಕೆಳಗಿಳಿಸುವ ನೆವವಾಗಬಾರದು. ಅಕ್ವಿಲನೂ ಪ್ರಿಸ್ಕಿಲ್ಲಳೂ ಡೇರೆ ಹೊಲಿಯುತ್ತಲೇ ಪಂಡಿತನಾದ ಅಪೊಲ್ಲೋಸನಿಗೆ ದಾರಿ ತಿಳಿಸಿಕೊಟ್ಟರು. ಕೂಲಿಯವನ ಕೈಯೂ ಗೃಹಿಣಿಯ ಬಾಯಿಯೂ ಈ ಸೇವೆಗೆ ಯೋಗ್ಯವೆಂಬುದಕ್ಕೆ ಅವರೇ ಸಾಕ್ಷಿ.

ಆದದರಿಂದ, ಈ ಆಶೆಯುಳ್ಳ ಸಹೋದರ ಸಹೋದರಿಯರೇ, ಪೀಠದಿಂದ ಆರಂಭಿಸಬೇಡಿರಿ. ಜ್ವರದಲ್ಲಿ ಮಲಗಿದವರ ಮನೆಗೆ ಹೋಗಿರಿ. ಓದಲಾರದ ಮುದುಕಿಗೆ ಓದಿ ಹೇಳಿರಿ. ಯಾರೂ ನೋಡದ, ಯಾರೂ ಹೊಗಳದ ಆ ಕೆಲಸದಲ್ಲಿ ಒಂದು ಮಳೆಗಾಲ ಕಳೆಯಲಿ. ಅಷ್ಟಾದ ಮೇಲೂ ಆಶೆ ಆರದೆ ಉಳಿದಿದ್ದರೆ, ನಿಮ್ಮ ಗುರುಗಳ ಬಳಿಗೆ ಹೋಗಿ ಧೈರ್ಯವಾಗಿ ತಿಳಿಸಿರಿ.